ಗಂಧೋದಕದ ಗ್ಲಾಸು

ಬಸದಿ ಎಂದು ಬರೆಯಬಹುದೇ? ಬರೆದರೆ ಬಸದಿಗೆ ಅಪಚಾರ. ಬರೆಯದಿದ್ದರೆ ಹಿಡಿದ ಕೆಲಸಕ್ಕೆ ಮೋಸ. ಮೂರನೇ ಗ್ಲಾಸನ್ನು ಮೂಗಿನಿಂದ ದೂರ ಮಾಡಲಾರದೆ ಸಮ್ಮೇದ ಕೂತಿದ್ದ. ಗೋಕಾಕದ ತಮ್ಮ ಓಣಿಯ ಬಸದಿಯಲ್ಲಿ ಬೆಳಗಿನ ಅಭಿಷೇಕ ಮುಗಿದು, ಕಲ್ಲಿನ ಮೇಲಿನ ಹಾಲನ್ನು ನೀರಿನಿಂದ ತೊಳೆದು, ಗಂಧ ತೇಯ್ದು ಹಚ್ಚಿದ ಮೇಲೆ ಗರ್ಭಗುಡಿಯಿಂದ ಹೊರಡುವ ವಾಸನೆ ಅದು. ಹಳೇ ತೇಗದ ಬಾಗಿಲಿನ ತೇವವೂ ಅದರಲ್ಲಿ ಸೇರಿತ್ತು. ನಡೆಯಲು ಕಲಿಯುವ ಮೊದಲೇ ಅವ್ವನ ಸೊಂಟದ ಮೇಲೆ ಕೂತು ಮೂಸಿದ ವಾಸನೆ. ಅದು ಹೊರದೇಶದ ವಿಸ್ಕಿಯೊಳಗೆ ಹೇಗೆ ಬಂತು?

"ಬರಿ, ಬರಿ" ಎಂದರು ಕೇದಾರಿ ಸಾಹೇಬರು. "ಮೂಗಿಗೆ ಏನ್ ಬಂತೋ ಅದನ್ನ ಬರಿ. ಇಂಗ್ಲಿಷ್ ಪುಸ್ತಕದಾಗಿನ ಹಣ್ಣಿನ ಹೆಸರು ಬ್ಯಾಡ. ನೀ ಎಂದೂ ತಿನ್ನದ ಹಣ್ಣಿನ ಹೆಸರು ಬರದ್ರ ನಾ ಏನ್ ತಿಳಕೊಳ್ಳಲಿ?"

ಹುಕ್ಕೇರಿ ರಸ್ತೆಯ ಡಿಸ್ಟಿಲರಿಯಲ್ಲಿ ಕೇದಾರಿ ಸಾಹೇಬರು ವಿಸ್ಕಿ ಬೆರೆಸುವ ವಿಭಾಗದ ಮುಖ್ಯಸ್ಥರು. ಬರುವ ಮಾರ್ಚಿಗೆ ನಿವೃತ್ತಿ. ಮಾಲಕರು ಆ ವರ್ಷ, ಎರಡು ಸಾವಿರದ ಮೂರರಲ್ಲಿ, ದುಬಾರಿ ವಿಸ್ಕಿಯೊಂದನ್ನು ತಯಾರಿಸಲು ಹೊರಟಿದ್ದರು. ಅದಕ್ಕೆ ಬೆರೆಸಲು ಹೊರದೇಶದಿಂದ ಪೀಪಾಯಿಗಟ್ಟಲೆ ಯಾವುದನ್ನು ತರಿಸಬೇಕು ಎಂಬುದನ್ನು ಈ ಟೇಬಲ್ಲಿನ ಮೇಲೆ ತೀರ್ಮಾನಿಸಬೇಕಿತ್ತು. ಗ್ಲಾಸುಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಬಣ್ಣಕ್ಕಿಷ್ಟು, ವಾಸನೆಗಿಷ್ಟು, ನಾಲಿಗೆಗಿಷ್ಟು, ಉಗುಳಿದ ಮೇಲೆ ಬಾಯಲ್ಲಿ ಉಳಿಯುವ ರುಚಿಗಿಷ್ಟು ಎಂದು ಅಂಕ ಕೊಡಬೇಕು. ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆಯ ಎರಡೂ ಬದಿಗೆ ಆಡಿಸಿ, ಕಟ್ಟಿಗೆಪುಡಿ ತುಂಬಿದ ಬಕೀಟಿಗೆ ಉಗುಳಬೇಕು. ನಾಲ್ಕು ವರ್ಷದಲ್ಲಿ ಸಮ್ಮೇದ ಒಂದು ಹನಿಯನ್ನೂ ನುಂಗಿರಲಿಲ್ಲ.

ಅವನು ಬರೆದ: ಶ್ರೀಗಂಧ. ಹಾಲು. ತೊಯ್ದ ಹಳೇ ಬಾಗಿಲು.

"ಯಾವ ಮನಿ ಬಾಗಿಲೋ?"

"ಹಳೇ ಮನೀದು, ಸರ್."

ನಾಲ್ಕನೆಯದನ್ನು ಮೂಸಿ, "ಗೋವಿನಜೋಳ. ತೆನಿ ಸುಟ್ಟಂಗ. ಮ್ಯಾಲೆ ಬಡಿಗ್ಯಾರ ಅಂಗಡಿ" ಎಂದ.

ಕೇದಾರಿ ನಕ್ಕರು. "ಅದು ಬೋರ್ಬನ್. ಅಮೇರಿಕಾದವರು ಗೋವಿನಜೋಳದಿಂದನ ಮಾಡ್ತಾರ, ಒಳಗ ಸುಟ್ಟ ಹೊಸಾ ಪೀಪಾಯಿಯಾಗ ಇಡ್ತಾರ. ಜೈನರ ಮನ್ಯಾಗ ಬೆಳದದ್ದು, ಉಳ್ಳಾಗಡ್ಡಿ ಬಳ್ಳೊಳ್ಳಿ ಕಾಣದ ಮೂಗು ನಿಂದು. ಈ ಖುರ್ಚಿ ನಿನಗ ಅಂತ ಮಾಲಕರಿಗೆ ಹೇಳೇನಿ. ದೀಪಾವಳಿ ಆದಮ್ಯಾಲೆ ಕಡೇ ಪರೀಕ್ಷೆ. ಅವತ್ತು ತಪ್ಪಸಬ್ಯಾಡ."

ಸಮ್ಮೇದ ತಲೆಯಾಡಿಸಿದ. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಬೇಕಿತ್ತು. ಮುಳುಗಿದ ಮೇಲೆ ಆ ಮನೆಯಲ್ಲಿ ಊಟವಿಲ್ಲ.

ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗ ಅವನು ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಲವಂಗ ಜಗಿಯುತ್ತಿದ್ದ. ಅವ್ವ ಜಿನ್ನವ್ವನ ಪಾಲಿಗೆ ಮಗ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದ. ಡಿಸ್ಟಿಲರಿ ಆ ಕಾರ್ಖಾನೆಯ ಕಾಂಪೌಂಡಿನೊಳಗೇ ಇದ್ದುದರಿಂದ ಈ ಮಾತಿನಲ್ಲಿ ಅರ್ಧ ಸತ್ಯವೂ ಇತ್ತು. ಹೆಂಡತಿ ತೃಪ್ತಿಗೆ ಪೂರ್ತಿ ಗೊತ್ತಿತ್ತು. ಅಪ್ಪ ದಾದಾಸಾಹೇಬ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ನೂಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡು ಮನೆ ಸೇರಿದವರು. ಅವರು ಕೇಳಿರಲಿಲ್ಲ.

ಅವತ್ತು ತಾಟಿನ ಮುಂದೆ ಕೂತಾಗ ಜಿನ್ನವ್ವ ರೊಟ್ಟಿ ಹಾಕುತ್ತ ಹೇಳಿದಳು. "ಮೂಡಲಗ್ಯಾಗ ಚಾತುರ್ಮಾಸ ಕುಂತಾರಲ್ಲ ಮುನಿ ಮಹಾರಾಜರು, ದೀಪಾವಳಿ ಮುಗಿಸಿ ನಮ್ಮೂರಿಗೆ ಬರತಾರಂತ. ಈ ಸಲ ನಮ್ಮ ಮನ್ಯಾಗೂ ಮಡಿಲೆ ಅಡಗಿ ಮಾಡಿ ಚೌಕ ಹಾಕೂದು. ಗಂಡ ಹೆಂಡ್ತಿ ಇಬ್ರೂ ನಿಂತು ನೀವ ಆಹಾರ ಕೊಡಬೇಕು."

"ಅಷ್ಟು ಮಡಿ ನಮ್ಮಿಂದ ಆಗತೈತೇನವ್ವ?"

"ಯಾಕಾಗೂದಿಲ್ಲ? ಸೋಸಿದ ನೀರು, ತೊಳದ ಧಾನ್ಯ ನಾ ನೋಡ್ಕೊತೇನಿ. ನೀ ಬಾಗಿಲಾಗ ನಿಂತು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಅಂದ್ರ ಸಾಕು. ಮೂರು ಮಾತು. ಅದೂ ಭಾರ ಆಗತೈತೇನು?"

ಸಮ್ಮೇದ ರೊಟ್ಟಿ ಮುರಿದ. ತೃಪ್ತಿ ಪಲ್ಯ ನೀಡುವ ನೆಪದಲ್ಲಿ ಅವನ ಮುಖ ನೋಡಿದಳು.

ಡಿಸ್ಟಿಲರಿಯ ಟೇಬಲ್ಲಿನ ಮೇಲಿನಂಥದೇ ಒಂದು ಗ್ಲಾಸು ಶ್ರಾವಣದಲ್ಲಿ ಮನೆಗೆ ಬಂದಿತ್ತು. ಗುಂಡು ಹೊಟ್ಟೆ, ಸಣ್ಣ ಬಾಯಿ, ಗಿಡ್ಡ ಕಾಲು. ತಳದಲ್ಲಿ ಚಕ್ಕೆ ಎದ್ದಿದೆ ಎಂದು ಬಿಸಾಡಲು ಇಟ್ಟಿದ್ದನ್ನು ಸಮ್ಮೇದ ಬಿಸಿನೀರಿನಲ್ಲಿ ತೊಳೆದು ತಂದಿದ್ದ. ರವಿವಾರ ತೃಪ್ತಿ ಅದರಲ್ಲಿ ಬಡೆಸೋಪನ್ನೋ ಏಲಕ್ಕಿಯನ್ನೋ ಹಳೇ ಬೆಲ್ಲವನ್ನೋ ಹಾಕಿ ಕೈಮುಚ್ಚಿ ಕೊಡುವಳು. ಅವನು ಕಣ್ಣುಮುಚ್ಚಿ ಹೆಸರು ಹೇಳುವನು. ಒಮ್ಮೆ ಅವಳು ಖಾಲಿ ಗ್ಲಾಸನ್ನೇ ಕೊಟ್ಟಳು. "ನಿನ್ನ ಕೈ. ಹಿಟ್ಟು ನಾದಿ ತೊಳಕೊಂಡಿಲ್ಲ" ಎಂದ. ಅವಳು ನಕ್ಕು ಒಳಗೆ ಹೋದಳು.

ಆ ಗ್ಲಾಸು ಅಡುಗೆಮನೆಯ ಹಲಗೆಯ ಮೇಲೆ ಬೋರಲಾಗಿತ್ತು. ದಸರೆಯ ಹೊತ್ತಿಗೆ ಜಿನ್ನವ್ವನ ಕಣ್ಣಿಗೆ ಬಿತ್ತು. ಗಂಡನಿಗೆ ಬಸದಿಯ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲವಾದ್ದರಿಂದ ಅವಳೇ ದಿನವೂ ಜಿನಬಿಂಬಕ್ಕೆ ಅಭಿಷೇಕ ಮಾಡಿದ ನೀರನ್ನು, ಗಂಧೋದಕವನ್ನು, ಮನೆಗೆ ತರುತ್ತಿದ್ದಳು. ಬಟ್ಟಲಲ್ಲಿ ತಂದರೆ ಅರ್ಧ ದಾರಿಯಲ್ಲೇ ಚೆಲ್ಲುತ್ತಿತ್ತು. ಈ ಗ್ಲಾಸಿನ ಬಾಯಿ ಸಣ್ಣದು. ಅಂಗೈ ಮುಚ್ಚಿದರೆ ಹನಿಯೂ ಚೆಲ್ಲುವುದಿಲ್ಲ, ಗಂಧದ ವಾಸನೆಯೂ ಒಳಗೇ ಉಳಿಯುತ್ತದೆ. "ಲ್ಯಾಬಿನವರು ಶಾಣ್ಯಾರು" ಎಂದಳು ಸೊಸೆಗೆ.

ಮೊದಲ ದಿನವೇ ತೃಪ್ತಿ ನೋಡಿದಳು. ಹೇಳಲು ಬಾಯಿ ತೆರೆದವಳು ಒಲೆಯ ಮೇಲಿನ ಹಾಲು ಉಕ್ಕಿತೆಂದು ಓಡಿದಳು. ಎರಡನೆಯ ದಿನ ಸಮ್ಮೇದ ನೋಡಿದ. ಅಪ್ಪ ಬೆರಳನ್ನು ಗ್ಲಾಸಿನೊಳಗೆ ಅದ್ದಿ ಹಣೆಗೂ ಕಣ್ಣಿಗೂ ಎದೆಗೂ ಹಚ್ಚಿಕೊಳ್ಳುತ್ತಿದ್ದರು. ಅವತ್ತು ಹೇಳಿದ್ದರೆ ಒಂದು ದಿನದ ಜಗಳವಾಗುತ್ತಿತ್ತು. ಅವನು ಬಸ್ಸಿಗೆ ಹೋದ. ಆಮೇಲೆ ಹೇಳುವ ದಿನ ಬರಲಿಲ್ಲ.

ಹೇಳಿದವನು ಅಣ್ಣಪ್ಪ. ಎದುರು ಮನೆಯವನು, ಮಿಲಿಟರಿಯಿಂದ ಬಂದು ಕಟ್ಟೆಯ ಮೇಲೆ ಕೂತವನು. ಒಂದು ಬೆಳಿಗ್ಗೆ ನಾಲ್ಕು ಹೆಂಗಸರ ಜೊತೆ ಜಿನ್ನವ್ವ ಬಸದಿಯಿಂದ ಬರುವಾಗ ಕರೆದ.

"ಅಕ್ಕಾರ, ಆ ಗ್ಲಾಸು ಎಲ್ಲಿಂದು?"

"ನಮ್ಮ ಸಮ್ಮೇದನ ಲ್ಯಾಬಿಂದು."

"ಲ್ಯಾಬಿಂದಲ್ರಿ ಅದು. ನಮ್ಮ ಆಫೀಸರ್ ಮೆಸ್ಸಿನ್ಯಾಗ ಇಂಥಾವು ಒಂದು ಸಾಲು ಇದ್ದೂವು. ಕರ್ನಲ್ ಸಾಹೇಬ್ರು ಅದರಾಗ ವಿಸ್ಕಿ ಹಾಕ್ಕೊಂಡು, ಕುಡಿಯೂದು ಬಿಟ್ಟು ತಾಸುಗಟ್ಲೆ ಮೂಸತಿದ್ರು. ಸಾಹೇಬ್ರಿಗೆ ನೆಗಡಿ ಆಗೇತಿ ಅಂತ ನಾವು ನಗತಿದ್ವಿ."

ಹೆಂಗಸರು ಯಾರೂ ನಗಲಿಲ್ಲ. ಜಿನ್ನವ್ವ ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿಕೊಂಡೇ ಮನೆಯೊಳಗೆ ಹೋದಳು.

ಸಂಜೆ ಸಮ್ಮೇದ ಚಪ್ಪಲಿ ಬಿಡುವಷ್ಟರಲ್ಲಿ ಅವಳು ಪಡಸಾಲೆಯಲ್ಲಿ ನಿಂತಿದ್ದಳು. ಗ್ಲಾಸು ನೆಲದ ಮೇಲೆ ತಾಟಿನಲ್ಲಿತ್ತು. ಗಂಧೋದಕ ಹಾಗೇ ಇತ್ತು.

"ಇದು ಏನಿನ ಗ್ಲಾಸು?"

ಸಮ್ಮೇದ ತೃಪ್ತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು.

"ವಿಸ್ಕಿ ಮೂಸೂದವ್ವ."

"ಮೂಸೂದಷ್ಟನ?"

"ಬಾಯಾಗ ಹಾಕ್ಕೊತೇನಿ. ಉಗುಳ್ತೇನಿ. ಯಾವುದು ಚಲೋ, ಯಾವುದು ಕೆಟ್ಟದ್ದು ಅಂತ ನಂಬರ ಕೊಡ್ತೇನಿ. ಅದಕ್ಕ ಪಗಾರ."

"ಎಷ್ಟು ವರ್ಷಾತು?"

"ನಾಕು."

"ನಾಕು ವರ್ಷ ಆ ಬಾಯಿಲೆ ನನ್ನ ಕೈಯಾಗಿನ ರೊಟ್ಟಿ ತಿಂದಿ."

"ಬಾಯಿ ತೊಳಕೊಂಡು ಬರತೇನವ್ವ. ಒಂದ ಹನಿ ಗಂಟಲಾಗ ಇಳಿದಿಲ್ಲ."

"ಉಗುಳೂ ಮುಂದ ನಾಲಿಗಿನೂ ಉಗುಳ್ತೀಯೇನು?"

ಮಂಚದ ಮೇಲಿದ್ದ ದಾದಾಸಾಹೇಬರು ಕೆಮ್ಮು ತಡೆದುಕೊಂಡು ಹೇಳಿದರು. "ಹೊಟ್ಟಿಗೆ ಹೋಗದ್ದು ಲೆಕ್ಕಕ್ಕ ಬರೂದಿಲ್ಲ ಬಿಡ. ಹುಡುಗ ಕುಡದಿಲ್ಲ."

"ಹಂಗಾರ ನಾ ದಶಲಕ್ಷಣದಾಗ ಉಪವಾಸ ಮಾಡೂ ಮುಂದ ಚಕ್ಕುಲಿ ಅಗದು ಉಗುಳಲೇನು? ನಡೀತೈತೇನು ನಿಮ್ಮ ಲೆಕ್ಕದಾಗ?"

ದಾದಾಸಾಹೇಬರು ದಿಂಬಿನ ಪಕ್ಕದ ಗುಳಿಗೆಯ ಪೊಟ್ಟಣ ಎತ್ತಿ ಹಿಡಿದರು. "ಘಟಪ್ರಭಾ ದವಾಖಾನಿ ಗುಳಿಗಿ ಯಾವ ಪಗಾರದ್ದು? ಅವನ್ನೂ ಉಗುಳಲೇನು ಹೇಳು" ಎಂದರು.

"ನಿಮ್ಮದು ಔಷಧ. ನಾ ಅದಕ್ಕ ಬಾಯಿ ಹಾಕೂದಿಲ್ಲ." ಜಿನ್ನವ್ವ ಮಗನ ಕಡೆ ತಿರುಗಿದಳು. "ಕೆಲಸಾ ಬಿಡು."

"ಬಿಡೂದಿಲ್ಲವ್ವ."

"ಬೇರೆ ಲ್ಯಾಬ್ ಇಲ್ಲೇನು ಊರಾಗ?"

"ಬಿಎಸ್ಸಿ ಮಾಡಿ ಮೂರು ವರ್ಷ ಅಡ್ಡಾಡಿನಿ. ನೀನ ನೋಡಿಯಲ್ಲ. ಇದು ನನಗ ಬರೂ ಕೆಲಸ. ನನಗಷ್ಟು ಚಲೋ ಬರೂ ಕೆಲಸ ಮತ್ತೊಂದಿಲ್ಲ."

ಈ ಕಡೆಯ ಮಾತು ಜಿನ್ನವ್ವನಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಅವಳು ಹಿತ್ತಲಿಗೆ ನಡೆದಳು. ಆದರೆ ಗ್ಲಾಸು ತಾಟಿನಲ್ಲೇ ಉಳಿಯಿತು. ಅದನ್ನು ಏನು ಮಾಡುವುದು ಎಂದು ಯಾರಿಗೂ ತಿಳಿಯಲಿಲ್ಲ. ವಿಸ್ಕಿಯ ಗ್ಲಾಸನ್ನು ಮನೆಯಲ್ಲಿ ಇಡುವಂತಿಲ್ಲ. ಗಂಧೋದಕ ಹಿಡಿದ ಗ್ಲಾಸನ್ನು ಕಾಲು ಬೀಳುವಲ್ಲಿ ಎಸೆಯುವಂತಿಲ್ಲ. ಕಡೆಗೆ ಜಿನ್ನವ್ವ ನೀರನ್ನು ತುಳಸಿಯ ಬುಡಕ್ಕೆ ಹಾಕಿ, ಗ್ಲಾಸನ್ನು ಪಡಸಾಲೆಯ ಗೋಡೆಯ ಮೇಲಿನ ಗೂಡಿನಲ್ಲಿ, ಯಾರ ಕೈಗೂ ಸುಲಭಕ್ಕೆ ಸಿಗದಂತೆ ಇಟ್ಟಳು.

ಮರುದಿನದಿಂದ ಮನೆಯಲ್ಲಿ ಎರಡು ಒಲೆ. ಜಿನ್ನವ್ವ ತನ್ನದನ್ನು ಹಿತ್ತಲ ಛಪ್ಪರದಲ್ಲಿ ಹೂಡಿಕೊಂಡಳು. ಮಗನ ಪಗಾರದ ಹಿಟ್ಟು ಮುಟ್ಟಲಿಲ್ಲ. ಬಜಾರದ ಕರದಂಟಿನ ಅಂಗಡಿಗೆ ಹೋಗಿ ಒಣಕೊಬ್ಬರಿ ಮನೆಯಲ್ಲೇ ಹೆರೆದು ಕೊಡುವ ಕೆಲಸ ಹಿಡಿದಳು. ದೀಪಾವಳಿ ಹತ್ತಿರವಿದ್ದುದರಿಂದ ಅಂಗಡಿಯವರಿಗೂ ಕೈ ಬೇಕಿತ್ತು. ಅಂಗಡಿಯ ಆಳು ಸತ್ತೆಪ್ಪ ಬೆಳಿಗ್ಗೆ ಚೀಲ ತಂದು ಇಳಿಸುವನು, ಸಂಜೆ ಒಯ್ಯುವನು.

"ದೊಡ್ಡವ್ವಾರ, ಮಗ ಹುಕ್ಕೇರ್ಯಾಗ ದೊಡ್ಡ ನೌಕರಿಯಾಗ ಅದಾನ. ನಿಮಗ್ಯಾಕ ಬೇಕಿತ್ತರಿ ಇದು?" ಎಂದು ಅವನು ಕೇಳಿದ.

"ಚೌಕದ ತುಪ್ಪಕ್ಕ. ನಿನಗ್ಯಾಕ ಬೇಕಿತ್ತು ಅದು?"

ಸತ್ತೆಪ್ಪ ಚೀಲ ಹೊತ್ತು ಹೋದ. ಎರಡನೆಯ ವಾರಕ್ಕೆ ಜಿನ್ನವ್ವನ ಬಲಗೈಯ ಹೆಬ್ಬೆರಳು ಸುಲಿಯಿತು. ತೃಪ್ತಿ ಮನೆಯ ಕೆಲಸ ಮುಗಿಸಿ ಬಂದು ಇನ್ನೊಂದು ಹೆರೆಮಣೆ ಹಾಕಿಕೊಂಡು ಕೂತಳು.

"ನೀ ಯಾಕ ಬಂದಿ? ನೀನೂ ಅವನ ಕೂಡ ಸೇರಿ ಬಚ್ಚಿಟ್ಟಾಕಿ."

"ಹೌದ್ರಿ ಅತ್ತಿ. ಬಚ್ಚಿಟ್ಟೆ. ಕೊಬ್ಬರಿ ಕೊಡ್ರಿ."

"ಮೊದಲನೇ ದಿನ ಗ್ಲಾಸು ನೋಡಿ ಯಾಕ ಹೇಳಲಿಲ್ಲ?"

"ಹಾಲು ಉಕ್ಕತಿತ್ತು."

ಜಿನ್ನವ್ವ ಅವಳನ್ನು ದಿಟ್ಟಿಸಿ ನೋಡಿ, ಕೊಬ್ಬರಿಯ ಗಿಟಕು ಅವಳ ಮುಂದೆ ಸರಿಸಿದಳು.

ಅತ್ತೆ ಸೊಸೆ ಒಂದು ದಿನ ಮೂಡಲಗಿಗೆ ಹೋದರು. ತೃಪ್ತಿಯ ತವರು ಅಲ್ಲೇ. ಮಧ್ಯಾಹ್ನ ಮಹಾರಾಜರ ಪ್ರವಚನ ಮುಗಿದು ಜನ ಒಬ್ಬೊಬ್ಬರೇ ನಮಸ್ಕರಿಸುವಾಗ ಜಿನ್ನವ್ವ ಕೂತಲ್ಲೇ ಕೈಮುಗಿದು ಕೇಳಿದಳು. ಮಗನ ಹೆಸರು ಹೇಳಲಿಲ್ಲ.

"ಮನ್ಯಾಗ ಒಬ್ಬರು ಮದ್ಯದ ಕೆಲಸದಾಗ ಅದಾರ. ಕುಡಿಯೂದಿಲ್ಲ. ನಾಲಿಗಿಗೆ ಹಚ್ಚಿ ಉಗುಳ್ತಾರ. ಆ ಮನ್ಯಾಗ ನಾ ಚೌಕ ಹಾಕಬಹುದೇನ್ರಿ, ಮಹಾರಾಜ್?"

ಮಹಾರಾಜರು ಕೈಯಲ್ಲಿದ್ದ ನವಿಲುಗರಿಯ ಪಿಂಛಿಯನ್ನು ಬದಿಗಿಟ್ಟರು.

"ಕೊಡೂ ಕೈ ಯಾರದು?"

"ನನ್ನದು, ಸೊಸಿದು."

"ಶುದ್ಧ ಅಂತ ಯಾರು ಹೇಳ್ತಾರೋ ಅವರ ಕೈಯಿಂದ ನಾವು ತಗೊಂತೇವಿ. ಮನಿ ಮನಿ ಹೊಕ್ಕು ಪರೀಕ್ಷೆ ಮಾಡೂದಿಲ್ಲ. ಸುಳ್ಳು ಹೇಳಿದ್ರ ಹೇಳಿದವರಿಗೆ ತಟ್ಟತೈತಿ, ತಿಂದವರಿಗಲ್ಲ."

"ಅವನೂ ನಿಂತು ಶುದ್ಧ ಅಂದ್ರ?"

"ಅವನು ಅನ್ನಬೇಕಲ್ಲ" ಎಂದರು ಮಹಾರಾಜರು. ಮುಂದಿನವರು ಆಗಲೇ ನಮಸ್ಕಾರಕ್ಕೆ ಬಾಗಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಜಿನ್ನವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. ಗೋಕಾಕದ ಸ್ಟ್ಯಾಂಡು ಹತ್ತಿರ ಬಂದಾಗ ಮಾತ್ರ, "ಬರೇ ಮೂಸಿದ್ರ ನಡಿಯಂಗಿಲ್ಲೇನ ಅವನ ಕೆಲಸ? ಹೂವಿನ ವಾಸನಿ ಮೂಸಿದಂಗ. ನಾಲಿಗಿಗೆ ಹಚ್ಚಲಾರದ?" ಎಂದಳು.

ತೃಪ್ತಿ ಇದನ್ನು ಗಂಡನಿಗೆ ಮುಟ್ಟಿಸಿದಳು. ಸಮ್ಮೇದನಿಗೂ ಅದೇ ವಿಚಾರ ಬಂದಿತ್ತು. ಎರಡು ವಾರದಿಂದ ಅವ್ವನ ಹೆರೆಮಣೆಯ ಸದ್ದು ಕೇಳುತ್ತ ಬಸ್ಸಿಗೆ ಹೋಗುತ್ತಿದ್ದವನು ಮರುದಿನ ನೇರವಾಗಿ ಕೇದಾರಿಯವರ ಟೇಬಲ್ಲಿನ ಮುಂದೆ ನಿಂತ.

"ಸರ್, ಇನ್ನ ಮ್ಯಾಲೆ ಬಾಯಾಗ ಹಾಕೂದಿಲ್ಲ. ಮೂಗಿನಿಂದ ಅಷ್ಟ ನಂಬರ ಕೊಡ್ತೇನಿ."

"ಯಾಕ, ಹಲ್ಲ ಬ್ಯಾನಿ ಏನು?"

"ಮನ್ಯಾಗ ಗೊತ್ತಾತ್ರಿ."

ಕೇದಾರಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಮೂಗಿನ್ಯಾಗ ಬಾಳ ಗೊತ್ತಾಗತೈತಿ ಖರೆ. ದಿನದ ಕೆಲಸಾ ಮೂಗಿನ ಮ್ಯಾಲ ನಡೀತೈತಿ. ಆದ್ರ ಪೀಪಾಯಿ ಖರೀದಿ ಮಾಡೂ ಮುಂದ ಮೂಗು ನಂಬಿ ನಾ ಎಂದೂ ಸಹಿ ಮಾಡಿಲ್ಲ. ನೋಡೋಣು. ಮಾಡಿ ತೋರಸು."

ಅವತ್ತು ಆರು ಗ್ಲಾಸು. ಸಮ್ಮೇದ ಪ್ರತಿಯೊಂದಕ್ಕೂ ಸ್ವಲ್ಪ ನೀರು ಬೆರೆಸಿ, ಮುಚ್ಚಿಟ್ಟು, ತೆರೆದು, ದೂರದಿಂದ ಹತ್ತಿರಕ್ಕೆ ತಂದು ಮೂಸಿದ. ಒಂದರಲ್ಲಿ ಹೋಳಿಯ ಮರುದಿನದ ಬೂದಿ, ದವಾಖಾನೆಯ ಗಾಯದ ಪಟ್ಟಿ. ಒಂದರಲ್ಲಿ ಒಣದ್ರಾಕ್ಷಿ, ಚಮ್ಮಾರ ಹದ ಮಾಡಿಟ್ಟ ಹೊಸ ಚರ್ಮ. ಐದನೆಯದು ಬೋರ್ಬನ್. ಆಲೆಮನೆಯಲ್ಲಿ ಬೆಲ್ಲ ಪಾಕಕ್ಕೆ ಬರುವ ಹೊತ್ತಿನ ಘಮ, ಬಾಳೆಹಣ್ಣು, ಏಲಕ್ಕಿ. ಎಲ್ಲಕ್ಕಿಂತ ಹೆಚ್ಚು ಅಂಕವನ್ನು ಅದಕ್ಕೇ ಕೊಟ್ಟ. ಅವನಿಗೆ ಸಂಶಯವೇ ಇರಲಿಲ್ಲ.

ಕೇದಾರಿಯವರೂ ಉಳಿದಿಬ್ಬರೂ ರುಚಿ ನೋಡಿ ಉಗುಳಿದರು. ಐದನೆಯದಕ್ಕೆ ಮೂವರೂ ತೀರಾ ಕಡಿಮೆ ಕೊಟ್ಟಿದ್ದರು.

"ಹಾಕ್ಕೊ ಬಾಯಾಗ" ಎಂದರು ಕೇದಾರಿ.

ಸಮ್ಮೇದ ಗ್ಲಾಸನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಹಾಕ್ಕೊಬ್ಯಾಡ, ನಿನ್ನ ಖುಷಿ. ನಾ ಹೇಳತೇನಿ ಕೇಳು. ಮೊದಲು ಸಕ್ಕರಿ. ಆಮ್ಯಾಲೆ ಮರ, ಬರೇ ಮರ. ಬೇವಿನ ಕಡ್ಡಿ ಜಗದಂಗ ನಾಲಿಗಿ ಹಿಡೀತೈತಿ. ಪೀಪಾಯಿಯಾಗ ಬಾಳ ದಿನ ಇಟ್ಟು ಕೆಡಸ್ಯಾರ. ಮೂಗಿಗೆ ಅದು ಹತ್ತೂದಿಲ್ಲ. ನಿನ್ನ ನಂಬರ ಹಿಡದು ಮಾಲಕರು ನೂರು ಪೀಪಾಯಿ ತರಿಸಿದ್ರ?"

ಸಮ್ಮೇದ ಗ್ಲಾಸು ತೆಗೆದುಕೊಂಡ. ಗುಟುಕು ನಾಲಿಗೆಯ ಮೇಲೆ ಹರಡಿತು. ಮೊದಲು ಸಿಹಿ, ಆಮೇಲೆ ಕಹಿ, ವಸಡು ಬಿಗಿದುಕೊಂಡಿತು. ಬಕೀಟಿಗೆ ಉಗುಳಿದ. ತನ್ನ ಅಂಕ ಹೊಡೆದುಹಾಕಿ ಕೆಳಗೆ ಹೊಸದು ಬರೆದು ಸಹಿ ಮಾಡಿದ.

"ಇಷ್ಟ ಗೊತ್ತಿದ್ರ ಸಾಕು. ಮನ್ಯಾಗ ಏನ್ ಹೇಳ್ತಿ?" ಎಂದು ಕೇದಾರಿ ಕೇಳಿದರು.

"ಇದ್ದದ್ದು ಹೇಳ್ತೇನ್ರಿ."

ಸಂಜೆ ಅವನು ಹಿತ್ತಲಿಗೆ ಹೋಗಿ ಛಪ್ಪರದ ಕಂಬಕ್ಕೆ ಒರಗಿ ಕೂತ. ಜಿನ್ನವ್ವ ತನ್ನ ಒಲೆಯ ಮೇಲೆ ಒಬ್ಬಳಿಗಾಗುವಷ್ಟು ಅನ್ನ ಬಸಿಯುತ್ತಿದ್ದಳು.

"ಬರೇ ಮೂಸಿ ನೋಡಿದೆ ಅವ್ವ. ತಪ್ಪಿತು. ಬಾಯಾಗ ಹಾಕಲಾರದ ನಂಬರ ಕೊಟ್ರ ಅದು ಸುಳ್ಳು ನಂಬರ ಆಗತೈತಿ."

"ಹಂಗಾರ?"

"ಕೆಲಸಾ ಬಿಡೂದಿಲ್ಲ. ಬಾಯಾಗ ಹಾಕ್ಕೊಂಡ ಮಾಡತೇನಿ. ಚೌಕದಾಗ ನಿಲ್ಲೂದಿಲ್ಲ."

ಜಿನ್ನವ್ವ ಗಂಜಿ ಬಸಿದು ಮುಗಿಸಿದಳು. "ಊರ ಮಂದಿ ಕೇಳ್ತಾರ. ಮಗ ಎಲ್ಲಿ ಅಂತಾರ."

"ಎದುರು ಕಟ್ಟಿ ಮ್ಯಾಲ ಅದಾನ ಅನ್ನು."

"ಅಷ್ಟು ಘಟ್ಟಿ ಅದಿ ನೀನು?"

"ನಿನ್ನ ಹೆಬ್ಬೆರಳು ನೋಡು. ಯಾರ ಮಗ ನಾನು?"

ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿತು. ಆದರೆ ಅನ್ನಕ್ಕೆ ತಾಟು ಒಂದೇ ಇಟ್ಟುಕೊಂಡಳು.

ದೀಪಾವಳಿ ಆದ ವಾರದಲ್ಲಿ ಕಡೆಯ ಪರೀಕ್ಷೆ ನಡೆಯಿತು. ಮಾಲಕರು ಹುಕ್ಕೇರಿಗೆ ಬಂದಿದ್ದರು. ಸಮ್ಮೇದ ಹನ್ನೆರಡು ಗ್ಲಾಸುಗಳನ್ನು ಮೂಸಿದ, ಬಾಯಿಗೆ ಹಾಕಿದ, ಉಗುಳಿದ. ಗ್ಲಾಸುಗಳ ನಂಬರು ಬದಲಾಗಿದ್ದರೂ, ಅಂದು ಮೂರನೆಯದಾಗಿದ್ದ ಆ ವಿಸ್ಕಿ ಬಂದಾಗ ಗುರುತು ಹಿಡಿದ. ನಾಲಿಗೆಯ ಮೇಲೂ ಅದು ಮೂಗಿಗೆ ಕೊಟ್ಟ ಮಾತು ಉಳಿಸಿಕೊಂಡಿತು. ಎಲ್ಲಕ್ಕಿಂತ ಹೆಚ್ಚಿನ ಅಂಕ ಅದಕ್ಕೇ ಬಂತು, ಅವನದೂ, ಕೇದಾರಿಯವರದೂ. ಮಾಲಕರು ಅದನ್ನೇ ತರಿಸುವುದೆಂದರು.

ಮಹಾರಾಜರು ಮೂಡಲಗಿಯಿಂದ ನಡೆದು ಬಂದು ಗೋಕಾಕದ ಬಸದಿಯಲ್ಲಿ ಇಳಿದುಕೊಂಡರು. ಮರುದಿನ ಬೆಳಿಗ್ಗೆ ಓಣಿಯ ಏಳೆಂಟು ಮನೆಗಳ ಮುಂದೆ ರಂಗೋಲಿ. ಬಾಗಿಲಲ್ಲಿ ಒದ್ದೆ ಕೂದಲಿನ ಗಂಡಸರು, ಹೆಂಗಸರು, ಕೈಯಲ್ಲಿ ಕಲಶ, ತೆಂಗಿನಕಾಯಿ. ಮುನಿಗಳು ದಿನವೂ ಮನಸ್ಸಿನಲ್ಲಿ ಒಂದು ಗುರುತು ನೆನೆಸಿಕೊಂಡು ಹೊರಡುತ್ತಾರೆ. ಅದು ಯಾವ ಬಾಗಿಲಲ್ಲಿ ಕಾಣುತ್ತದೋ ಅಲ್ಲಿ ಮಾತ್ರ ನಿಲ್ಲುತ್ತಾರೆ. ಎಲ್ಲಿಯೂ ಕಾಣದಿದ್ದರೆ ಅವತ್ತು ಉಪವಾಸ.

ಜಿನ್ನವ್ವ ಕಲಶ ಹಿಡಿದಿದ್ದಳು. ತೃಪ್ತಿಯ ಕೈಯಲ್ಲಿ ತೆಂಗಿನಕಾಯಿ. ಬಾಗಿಲ ಮಗ್ಗುಲಿಗೆ ಕುರ್ಚಿ ಹಿಡಿದು ದಾದಾಸಾಹೇಬರು ನಿಂತಿದ್ದರು. ಸಮ್ಮೇದ ಎದುರು ಕಟ್ಟೆಯ ಕೆಳಗೆ, ಅಣ್ಣಪ್ಪನ ಬಾಜೂ. ಅವನೂ ಸ್ನಾನ ಮಾಡಿ ಬಿಳಿ ಧೋತರ ಉಟ್ಟಿದ್ದ.

"ನಾ ಬಾಯಿ ಬಿಡಬಾರದಿತ್ತು ತಮ್ಮಾ" ಎಂದ ಅಣ್ಣಪ್ಪ ಮೆಲ್ಲಗೆ.

"ಯಾರರ ಬಿಡಬೇಕಿತ್ತು ಕಾಕಾ."

ಆಹಾರಕ್ಕೆ ಹೊರಟ ಗುರುತಾಗಿ ಬಲಗೈ ಹೆಗಲಿಗೆ ಹಚ್ಚಿ ಮಹಾರಾಜರು ಓಣಿ ಹೊಕ್ಕರು. ಎರಡೂ ಬದಿಯಿಂದ "ನಮೋಸ್ತು, ಅತ್ರ ತಿಷ್ಠ, ತಿಷ್ಠ" ಎಂದು ನಿಲ್ಲಲು ಬೇಡುವ ದನಿ ಎದ್ದಿತು. ಅವರು ಯಾರ ಕಡೆಗೂ ತಿರುಗದೆ ಜಿನ್ನವ್ವನ ಬಾಗಿಲನ್ನೂ ದಾಟಿ ಓಣಿಯ ಕೊನೆಗೆ ಹೋದರು. ಜಿನ್ನವ್ವನ ಕಲಶದ ನೀರು ತುಳುಕಿತು. ಅವಳು ಕಲಶ ಇಳಿಸಲಿಲ್ಲ. ಮಹಾರಾಜರು ಕೊನೆಯಿಂದ ತಿರುಗಿ ಬಂದರು, ನಡಿಗೆ ಸಣ್ಣದಾಯಿತು, ಅವಳ ಮುಂದೆ ನಿಂತರು. ಅವರು ಮನಸ್ಸಿನಲ್ಲಿ ಏನು ನೆನೆಸಿದ್ದರೋ ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಸೊಸೆ ಮಹಾರಾಜರಿಗೆ ಮೂರು ಸುತ್ತು ಬಂದರು. ದಾದಾಸಾಹೇಬರು ಕುರ್ಚಿ ಬಿಟ್ಟು ಎದೆ ಹಿಡಿದು ಅವರ ಹಿಂದೆ ಒಂದು ಸುತ್ತು ಬಂದರು. "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ" ಎಂದು ಜಿನ್ನವ್ವ ಹೇಳಿದ್ದು ರಸ್ತೆಗೆ ಕೇಳುವಷ್ಟು ಸ್ಪಷ್ಟವಾಗಿತ್ತು. ಸುಲಿದ ಹೆಬ್ಬೆರಳಿನ ಗಾಯ ಆ ಹೊತ್ತಿಗೆ ಮಾದಿತ್ತು.

ಬಾಗಿಲು ತೆರೆದೇ ಇತ್ತು. ಮಹಾರಾಜರು ನಿಂತು ಅಂಗೈ ಜೋಡಿಸಿದರು. ಬೊಗಸೆಗೆ ಮೊದಲು ನೀರು, ಆಮೇಲೆ ಹಾಲು, ಅನ್ನ, ತೊವ್ವೆ. ಒಂದೊಂದು ತುತ್ತಿಗೂ ಜಿನ್ನವ್ವ ಕಣ್ಣರಳಿಸಿ ಕೂದಲು, ಹರಳು ಇದೆಯೇ ಎಂದು ನೋಡುತ್ತಿದ್ದಳು. ಸಿಕ್ಕರೆ ಆಹಾರ ಅಲ್ಲಿಗೇ ನಿಂತುಹೋಗುತ್ತದೆ. ಓಣಿಯವರು ಕೈಕಾಲು ತೊಳೆದು ಒಬ್ಬೊಬ್ಬರೇ ಒಳಗೆ ಹೋಗಿ, ಆ ಮೂರು ಶುದ್ಧಿಯ ಮಾತು ಹೇಳಿ, ಒಂದು ತುತ್ತು ಕೊಟ್ಟು ಹೊರಬಂದರು. ಕೊಡುವವರ ಸಾಲು ಮುಗಿಯುತ್ತ ಬಂತು.

ಆಗ ಜಿನ್ನವ್ವ ಬಾಗಿಲ ಕಡೆ ನೋಡಿದಳು. ರಸ್ತೆಯ ಆಚೆ ನಿಂತ ಮಗ ಕಂಡ. ಅವಳ ಕೈಯಲ್ಲಿ ತುಪ್ಪದ ಬಟ್ಟಲಿತ್ತು.

"ಸಮ್ಮೇದಾ" ಎಂದಳು. "ಕೈಕಾಲು ತೊಳಕೊಂಡು ಬಾ. ಒಂದು ತುತ್ತು."

ಮಹಾರಾಜರು ಬೊಗಸೆಯಿಂದ ಕಣ್ಣೆತ್ತಲಿಲ್ಲ. ತೃಪ್ತಿ ಅತ್ತೆಯ ಮುಖ ನೋಡಿದಳು. ಓಣಿಯ ಜನ ದಾರಿ ಬಿಟ್ಟರು. ಅಣ್ಣಪ್ಪ ಮೊಳಕೈಯಿಂದ ತಿವಿದ. "ಹೋಗೋ. ಹಡದಾಕಿ ಕರ್ಯಾಕತ್ತಾಳ. ಮೂರು ಮಾತು ಅಂದು ಬಾ. ಯಾರು ಕೇಳ್ತಾರ?"

ಸಮ್ಮೇದ ಅಲ್ಲಿಯೇ ನಿಂತು ಕೈಮುಗಿದ. ಅವ್ವನ ಕಡೆ ನೋಡಿ ತಲೆಯನ್ನು ಅಡ್ಡಲಾಗಿ ಆಡಿಸಿದ.

ಜಿನ್ನವ್ವ ತಿರುಗಿ ತುಪ್ಪ ಬಡಿಸಿದಳು. ಆಹಾರ ಎಲ್ಲಿಯೂ ತಡೆಯದೆ ಮುಗಿಯಿತು.

ಸಂಜೆ ಅವನು ಕೆಲಸದಿಂದ ಬಂದಾಗ ಹಿತ್ತಲ ಒಲೆ ಆರಿತ್ತು. ಒಳಗೆ ನಾಲ್ಕು ತಾಟು ಸಾಲಾಗಿದ್ದವು. ಎಲ್ಲರೂ ಕೂತರು.

"ಸುಳ್ಳರ ಹೇಳ್ಲಿ, ಬರಲಿ ಅಂತ ಕರದೆ" ಎಂದಳು ಜಿನ್ನವ್ವ ಪಲ್ಯ ನೀಡುತ್ತ. "ಕರದದ್ದು ನನ್ನ ತಪ್ಪು. ನೀ ಬರಲಾರದ್ದು ಚಲೋ ಆತು."

"ರೊಟ್ಟಿ ಹಾಕವ್ವ."

"ಅವ್ವ ಮಗ ಇಬ್ರೂ ಗೆದ್ರಿ" ಎಂದರು ದಾದಾಸಾಹೇಬರು. "ನಾ ಒಂದು ಸುತ್ತು ಬರೂದ್ರಾಗ ಸತ್ತಿದ್ದೆ. ಅದನ್ನ ಯಾರೂ ಕೇಳವಲ್ಲಿರಿ."

ತೃಪ್ತಿ ನಕ್ಕಳು. ಜಿನ್ನವ್ವ ನಗಲಿಲ್ಲ, ಆದರೆ ಗಂಡನ ತಾಟಿಗೆ ಉಳಿದ ತುಪ್ಪವನ್ನೆಲ್ಲ ಹಾಕಿದಳು.

ಊಟವಾದ ಮೇಲೂ ಹೊರಗೆ ಬೆಳಕಿತ್ತು. ಜಿನ್ನವ್ವ ಪಡಸಾಲೆಯಲ್ಲಿ ಕೂತು ಗೂಡಿನ ಕಡೆ ನೋಡಿದಳು. ಗ್ಲಾಸಿನ ಗುಂಡು ಹೊಟ್ಟೆಯ ಮೇಲೆ ಧೂಳು ಕೂತಿತ್ತು.

"ಎಲ್ಲಾದ್ರಾಗ ಹೆಚ್ಚು ನಂಬರ ಯಾವುದಕ್ಕ ಕೊಟ್ಟಿ?" ಎಂದು ಕೇಳಿದಳು. ಅವನ ಕೆಲಸದ ಬಗ್ಗೆ ಅವಳು ಹೀಗೆ ಕೇಳಿದ್ದು ಇದೇ ಮೊದಲು.

"ಒಂದಿತ್ತವ್ವ. ಸ್ಕಾಟ್ಲೆಂಡಿಂದು. ಮೊದಲನೇ ಸಲ ಮೂರನೇ ಗ್ಲಾಸಿನ್ಯಾಗ ಬಂದಿತ್ತು."

"ಅದರ ವಾಸನಿ ಹೆಂಗಿತ್ತು?"

ಸಮ್ಮೇದ ಗೂಡಿನತ್ತ ನೋಡಿದ. ಅವ್ವನ ಸೆರಗಿನಿಂದ ಬೆಳಗಿನ ಗಂಧದ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಹಳೇ ಮರದ್ದವ್ವ. ಬರೇ ಹಳೇ ಮರದ ವಾಸನಿ."

"ಅಷ್ಟನ?"

"ಅಷ್ಟ."

ಜಿನ್ನವ್ವ ಎದ್ದು ದೀಪ ಹಚ್ಚಲು ಒಳಗೆ ಹೋದಳು. ಮಾರ್ಚಿನಲ್ಲಿ ಕೇದಾರಿಯವರು ನಿವೃತ್ತರಾದರು, ಸಮ್ಮೇದ ಆ ಕುರ್ಚಿಯಲ್ಲಿ ಕೂತ. ಗ್ಲಾಸು ಗೂಡಿನಲ್ಲೇ ಉಳಿಯಿತು. ಆ ಮೂರನೇ ಗ್ಲಾಸಿನಲ್ಲಿ ತಮ್ಮ ಬಸದಿಯ ಬೆಳಗಿನ ವಾಸನೆ ಇತ್ತೆಂದು ಅವನು ಅವ್ವನಿಗೆ ಎಂದೂ ಹೇಳಲಿಲ್ಲ.